ಅಡಿಟಿಪ್ಪಣಿಯ ಯಜಮಾನ

ಕಾನೂನು ಶಾಲೆಯ ಸಂಶೋಧನ ಪತ್ರಿಕೆಯ ವಿದ್ಯಾರ್ಥಿ ಸಂಪಾದಕನಂಥ ಅಧಿಕಾರಸ್ಥನು ವಿದ್ವತ್ ಪ್ರಪಂಚದ ಬೇರೆ ಶಾಖೆಗಳಲ್ಲಿ ಕಾಣಸಿಗುವುದು ಅಪರೂಪ. ಹಿರಿಯ ಶಸ್ತ್ರವೈದ್ಯರ ಪ್ರಬಂಧವನ್ನು ಮೂರನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತಿದ್ದಿ, ‘ವಾದ ಇನ್ನೂ ಪಕ್ವವಾಗಬೇಕು’ ಎಂಬ ಷರಾ ಬರೆದು ಹಿಂದಿರುಗಿಸಿದರೆ ಅದು ಶಿಸ್ತುಕ್ರಮಕ್ಕೆ ಗುರಿಯಾಗುವ ನಡತೆಯೆನಿಸುತ್ತದೆ. ಕಾನೂನಿನಲ್ಲಾದರೋ ಅದೇ ಶಿಸ್ತು. ಈತನ ವಯಸ್ಸು ಇಪ್ಪತ್ತೊಂದರ ಆಸುಪಾಸಿನದು, ನ್ಯಾಯಾಲಯವನ್ನು ಇಂಟರ್ನ್‌ಶಿಪ್ಪಿನ ಕಾಲದಲ್ಲಿ ಹಿಂದಿನ ಬೆಂಚಿನಿಂದ ನೋಡಿರುತ್ತಾನೆ, ಮತ್ತು ಈತನ ಮುಂದಿರುವ ಲೇಖನದ ಕರ್ತೃವು ವಕೀಲಿ ಸನ್ನದು ಪಡೆದ ದಿನ ಈತ ಇನ್ನೂ ಹುಟ್ಟಿರಲಿಲ್ಲ. (ಇಲ್ಲಿ ‘ಈತ’ ಎಂದಲ್ಲೆಲ್ಲ ‘ಈಕೆ’ಯೂ ಸೇರಿದ್ದಾಳೆಂದು ತಿಳಿಯತಕ್ಕದ್ದು, 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೆಯ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ.)

ಈ ವಂಶದ ಮೂಲ ಅಮೆರಿಕದಲ್ಲಿದೆ. 1885ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಲಾ ಕ್ವಾರ್ಟರ್ಲಿ ರಿವ್ಯೂ’ ಫ್ರೆಡರಿಕ್ ಪೊಲಾಕ್ ಎಂಬ ಪ್ರೌಢ ವಿದ್ವಾಂಸರ ಕೈಯಲ್ಲಿತ್ತು. ಎರಡು ವರ್ಷಗಳ ಅನಂತರ ಹಾರ್ವರ್ಡ್‌ನಲ್ಲಿ ಹುಟ್ಟಿದ ಪತ್ರಿಕೆಯನ್ನು ವಿದ್ಯಾರ್ಥಿಗಳೇ ನಡೆಸಿದರು, ಇಂದಿಗೂ ಅವರೇ ನಡೆಸುತ್ತಿದ್ದಾರೆ. ಭಾರತಕ್ಕೆ ಎರಡೂ ಸಂಪ್ರದಾಯಗಳು ಬಂದವು. ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನ ಪತ್ರಿಕೆ 1958ರಿಂದ ಹಿರಿಯರ ಆಡಳಿತದಲ್ಲಿದ್ದರೆ, 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಐದು ವರ್ಷಗಳ ಪದವಿಯ ತರಗತಿಗಳನ್ನು ಆರಂಭಿಸಿದ ಮೇಲೆ ವಿದ್ಯಾರ್ಥಿ ಸಂಪಾದಕ ಮಂಡಳಿಗಳೂ ಬೇರೂರಿದವು, ಮತ್ತು ಈಗ ದೇಶದ ಯಾವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಹೋದರೂ ಹಾಸ್ಟೆಲಿನ ಕೋಣೆಯೊಂದರಲ್ಲಿ ಅಪರಾತ್ರಿಯ ಹೊತ್ತಿನಲ್ಲಿ ಅಲ್ಪವಿರಾಮಗಳನ್ನು ಎಣಿಸುತ್ತ ಕುಳಿತ ಒಬ್ಬನಾದರೂ ಸಿಕ್ಕೇ ಸಿಗುತ್ತಾನೆ.

ಲೇಖನವೊಂದು ಈತನ ಬಳಿಗೆ ಬಂದೊಡನೆ ಮೊದಲು ನಡೆಯುವುದು ಮೇಜಿನ ಮಟ್ಟದ ಜರಡಿ. ಪದಮಿತಿ ಮೀರಿದ್ದರೆ, ಸಾರಾಂಶ ಇಲ್ಲದಿದ್ದರೆ, ಅಥವಾ ಕಳೆದ ವಾರದ ತೀರ್ಪಿನ ಪ್ರಸ್ತಾಪವಿಲ್ಲದಿದ್ದರೆ ಲೇಖನವು ತಜ್ಞರ ಕಣ್ಣಿಗೆ ಬೀಳದೆ ಮರಳುತ್ತದೆ. ಜರಡಿಯಲ್ಲಿ ಉಳಿದದ್ದಕ್ಕೆ ಸಹವಿದ್ವಾಂಸರ ಪರಿಶೀಲನೆ, ಎಂದರೆ ಅದೇ ವಿಷಯದಲ್ಲಿ ಪಳಗಿದ ಒಬ್ಬರೋ ಇಬ್ಬರೋ ಸಂಬಳವಿಲ್ಲದೆ ಓದಿ ಅಭಿಪ್ರಾಯ ಕೊಡುವ ಕ್ರಮ. ಬರೆದವರಿಗೆ ಓದಿದವರ ಹೆಸರು, ಓದಿದವರಿಗೆ ಬರೆದವರ ಹೆಸರು ತಿಳಿಯದಂತೆ ಮಾಡುವುದಕ್ಕೆ ಇಬ್ಬದಿಯ ಕುರುಡು ಪರಿಶೀಲನೆಯೆಂದು ಹೆಸರು. ಸಂಪಾದಕನು ಕರ್ತೃವಿನ ಹೆಸರನ್ನು ಬಹು ಜಾಗರೂಕತೆಯಿಂದ ಅಳಿಸುತ್ತಾನೆ. ಆದರೆ ಲೇಖನದ ಮೊದಲ ಹತ್ತು ಅಡಿಟಿಪ್ಪಣಿಗಳಲ್ಲಿ ಏಳು ಒಬ್ಬರೇ ಪ್ರಾಧ್ಯಾಪಕರ ಹಿಂದಿನ ಬರಹಗಳನ್ನು ಹೊಗಳುತ್ತಿರುವುದರಿಂದ ಗುಟ್ಟು ಗುಟ್ಟಾಗಿ ಉಳಿಯುವುದು ಸಂಪಾದಕನ ಮಟ್ಟಿಗೆ ಮಾತ್ರ. ಸುಪ್ರೀಂ ಕೋರ್ಟಿನ ಗ್ರಂಥಾಲಯದಲ್ಲಿ ನಿಲ್ಲಿಸಿದ ನ್ಯಾಯದೇವತೆಯ ಹೊಸ ವಿಗ್ರಹಕ್ಕೆ ಕಣ್ಣಿನ ಪಟ್ಟಿಯೇ ಇಲ್ಲ. ಕಾನೂನು ಪತ್ರಿಕೆಗಳು ಮಾತ್ರ ಆ ಪಟ್ಟಿಯನ್ನು ಇನ್ನೂ ಬಿಚ್ಚಿಲ್ಲ.

ಸೋಜಿಗವೆಂದರೆ, ಈ ಪತ್ರಿಕೆಗಳ ಪ್ರತಿಯೊಂದು ಸಂಚಿಕೆಯಲ್ಲೂ ಸಹಜ ನ್ಯಾಯದ ತತ್ತ್ವಗಳ ಮೇಲೆ ಲೇಖನವೊಂದಿರುವುದು ಬಹುಮಟ್ಟಿಗೆ ಖಚಿತ. ಯಾರೂ ತಮ್ಮ ಪ್ರಕರಣಕ್ಕೆ ತಾವೇ ನ್ಯಾಯಾಧೀಶರಾಗಬಾರದು, ಎದುರು ಪಕ್ಷದ ಮಾತು ಕೇಳಬೇಕು, ತೀರ್ಮಾನಕ್ಕೆ ಕಾರಣ ಕೊಡಬೇಕು ಎಂಬುದು ಆ ತತ್ತ್ವಗಳ ತಿರುಳು. ಅರಣ್ಯ ಸೇವೆಯ ಹುದ್ದೆಗೆ ಉಮೇದುವಾರರಾಗಿದ್ದ ಅಧಿಕಾರಿಯೇ ಆಯ್ಕೆ ಮಂಡಳಿಯಲ್ಲೂ ಕುಳಿತಿದ್ದರೆಂದು ಸುಪ್ರೀಂ ಕೋರ್ಟು 1969ರ ಕ್ರೈಪಾಕ್ ಪ್ರಕರಣದಲ್ಲಿ ಆಯ್ಕೆಯನ್ನೇ ಅನೂರ್ಜಿತಗೊಳಿಸಿತು. ಈ ತೀರ್ಪನ್ನು ಕೊಂಡಾಡುವ ಲೇಖನವನ್ನು ಓದಿದ ಅನಾಮಧೇಯ ಪರಿಶೀಲಕರು, ಕರ್ತೃವು ಈ ಕ್ಷೇತ್ರದ ಅತಿ ಮುಖ್ಯವಾದ ಮೂರು ಲೇಖನಗಳನ್ನು ಕಡೆಗಣಿಸಿದ್ದಾರೆಂದು ಆಕ್ಷೇಪಿಸುತ್ತಾರೆ. ಆ ಮೂರೂ ಪರಿಶೀಲಕರವೇ ಆಗಿರುವುದುಂಟು. ತಿರಸ್ಕಾರದ ಪತ್ರದಲ್ಲಿ ಕಾರಣ ಒಂದೂವರೆ ಸಾಲು, ಮೇಲ್ಮನವಿಗೆ ಅವಕಾಶ ಶೂನ್ಯ. ‘ಗಣನೀಯ ಪರಿಷ್ಕರಣೆಯ ಬಳಿಕ ಮತ್ತೆ ಪರಿಗಣಿಸಲಾಗುವುದು’ ಎಂಬ ಇನ್ನೊಂದು ಬಗೆಯ ಉತ್ತರವನ್ನು ತಿರಸ್ಕಾರಕ್ಕೆ ಹೋಲಿಸಿ ನೋಡಿದ ಅನುಭವಸ್ಥರು ಅಳಿಯ ಅಲ್ಲ ಮಗಳ ಗಂಡ ಎಂದು ನಿಟ್ಟುಸಿರುಬಿಡುತ್ತಾರೆ.

ಪರಿಶೀಲಕರು ಒಪ್ಪಿದರೆಂದು ಹಿಗ್ಗುವ ಕರ್ತೃವಿಗೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದು ಆಮೇಲೆ ತಿಳಿಯುತ್ತದೆ. ಸಂಪಾದಕನ ನಿಜವಾದ ಆಳ್ವಿಕೆ ಆರಂಭವಾಗುವುದೇ ಇಲ್ಲಿ. ವಾದ ಸರಿಯೇ ತಪ್ಪೇ ಎಂದು ಹೇಳುವಷ್ಟು ಓದು ಈತನಿಗೆ ಇನ್ನೂ ಆಗಿಲ್ಲವಾದ್ದರಿಂದ, ಮತ್ತು ಅದು ಈತನಿಗೂ ಗೊತ್ತಿರುವುದರಿಂದ, ತನ್ನ ಸಮಸ್ತ ಪ್ರತಿಭೆಯನ್ನೂ ಈತ ಪುಟದ ಕೆಳಭಾಗದಲ್ಲಿ ಸುರಿಯುತ್ತಾನೆ. ಅಡಿಟಿಪ್ಪಣಿಯಿಲ್ಲದ ವಾಕ್ಯ ಈತನ ದೃಷ್ಟಿಯಲ್ಲಿ ಸಾಕ್ಷಿಯಿಲ್ಲದ ಆಪಾದನೆ. ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂತೆಂದು ಬರೆದರೂ ‘ಆಧಾರ ಕೊಡಿ’ ಎನ್ನುತ್ತಾನೆ. ಕೊಟ್ಟ ಮೇಲೆ, 394ನೆಯ ವಿಧಿಯ ಪ್ರಕಾರ ಕೆಲವು ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದಿದ್ದುದರಿಂದ ವಾಕ್ಯವನ್ನು ತಿದ್ದಬೇಕೆನ್ನುತ್ತಾನೆ. ಪ್ರಾಧ್ಯಾಪಕರು ಸಿಡುಕುತ್ತ ಸಂವಿಧಾನದ ಪುಸ್ತಕ ತೆರೆದು ನೋಡಿದರೆ ಹುಡುಗ ಹೇಳಿದ್ದೇ ಸರಿ. ಇದನ್ನು ಒಪ್ಪಲೇಬೇಕು: ಆ ಲೇಖನದ ಮುನ್ನೂರು ಅಡಿಟಿಪ್ಪಣಿಗಳನ್ನೂ, ಅವು ಸೂಚಿಸುವ ತೀರ್ಪುಗಳ ಕಂಡಿಕೆಗಳನ್ನೂ ಒಂದೊಂದಾಗಿ ತೆರೆದು ಓದಿದ ಜೀವಿ ಈ ಭೂಮಿಯ ಮೇಲೆ ಈತನೊಬ್ಬನೇ, ಪರಿಶೀಲಕರು ಓದಿರುವುದಿಲ್ಲ, ಬರೆದವರೂ ಎಲ್ಲವನ್ನೂ ಓದಿದ್ದರೆಂದು ಪ್ರಮಾಣ ಮಾಡುವುದು ಕಷ್ಟ.

ಆದರೆ ಈತನ ಶ್ರದ್ಧೆ ಅಚ್ಚಾದ ಪುಸ್ತಕ ಮತ್ತು ಅಂತರಜಾಲದ ಗಡಿ ದಾಟಿದೊಡನೆ ತಡವರಿಸುತ್ತದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯಿಂದ ಗೇಣಿದಾರರು ಏಳನೆಯ ನಮೂನೆಯಲ್ಲಿ ಡಿಕ್ಲರೇಷನ್ ಸಲ್ಲಿಸಿ ಉಳುವ ಭೂಮಿಯ ಒಡೆತನ ಕೇಳುವಂತಾದ ಬಗೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ವಿದ್ವಾಂಸರೊಬ್ಬರು, ತಾಲ್ಲೂಕಿನ ಭೂ ನ್ಯಾಯಮಂಡಳಿಯ ಕೈಬರಹದ ಕನ್ನಡ ಆದೇಶವನ್ನು ದಾಖಲೆಯ ಗಂಟಿನಿಂದ ಹೆಕ್ಕಿ ಉಲ್ಲೇಖಿಸಿದರೆನ್ನಿ. ಸಂಪಾದಕನ ಪ್ರಶ್ನೆಗಳು ಸರಸರನೆ ಬರುತ್ತವೆ: ಈ ತೀರ್ಪು ಯಾವ ವರದಿ ಸಂಪುಟದಲ್ಲಿದೆ, ಕಂಡಿಕೆಯ ಸಂಖ್ಯೆಯೇನು, ಕೊಂಡಿ ಎಲ್ಲಿದೆ, ಅಧಿಕೃತ ಇಂಗ್ಲಿಷ್ ಅನುವಾದವನ್ನು ಯಾರು ಮಾಡಿದ್ದಾರೆ? ಧೂಳು ಹಿಡಿದ ಆ ಗಂಟಿಗೆ ಕೊಂಡಿಯಿಲ್ಲ, ಶಿರಸ್ತೇದಾರರ ಕೈಬರಹಕ್ಕೆ ಕಂಡಿಕೆಯ ಸಂಖ್ಯೆಯಿಲ್ಲ. ಕಡೆಗೆ ಆ ಆದೇಶವನ್ನು ಕೈಬಿಟ್ಟು, ಅದೇ ಸಂಗತಿಯನ್ನು ಅರ್ಧಂಬರ್ಧವಾಗಿ ಹೇಳಿರುವ ವಿದೇಶೀ ಪ್ರಕಾಶನದ ಪುಸ್ತಕವೊಂದನ್ನು ಉಲ್ಲೇಖಿಸಿದರೆ ಅಡಿಟಿಪ್ಪಣಿ ತಕ್ಷಣವೇ ಪಾಸಾಗುತ್ತದೆ. ಲೇಖನ ಬಡವಾಯಿತೆಂಬುದು ಬೇರೆ ವಿಷಯ.

ಉಲ್ಲೇಖದ ಕ್ರಮವೆಂಬುದು ಈತನ ಸ್ಮೃತಿಗ್ರಂಥ. ಅಮೆರಿಕದ ‘ಬ್ಲೂಬುಕ್’ 1926ರಲ್ಲಿ 26 ಪುಟಗಳ ಕಿರುಹೊತ್ತಗೆಯಾಗಿತ್ತು, ಮುಂದೆ ಬೆಳೆದು 500 ಪುಟಗಳನ್ನೂ ದಾಟಿತು. ಅದರ ವಿಧಿಯಂತೆ ‘ಅದೇ ಆಕರ’ವೆಂದು ಸೂಚಿಸುವ ಎರಡಕ್ಷರದ ಸಂಕ್ಷೇಪವನ್ನು ಓರೆಯಕ್ಷರದಲ್ಲಿ ಹಾಕಬೇಕು, ಅದರ ಮುಂದಿನ ಚುಕ್ಕಿಯೂ ಓರೆಯಾಗಿರಬೇಕು. ದುಂಡಗಿನ ಚುಕ್ಕಿ ಓರೆಯಾದದ್ದು ಬರಿಗಣ್ಣಿಗೆ ಕಾಣುವುದೇ ಎಂದು ಕೇಳುವವರು ಈ ಹುದ್ದೆಗೆ ಅನರ್ಹರು. ರಿಚರ್ಡ್ ಪೋಸ್ನರ್ ಎಂಬ ಅಮೆರಿಕದ ಮೇಲ್ಮನವಿ ನ್ಯಾಯಾಧೀಶರು 1986ರಲ್ಲೇ ಈ ಪುಸ್ತಕಕ್ಕೆ ವಿದಾಯ ಕೋರಿ ಬರೆದರು. ಪುಸ್ತಕವು ಅದನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಅದರ ಮರುವರ್ಷ ಷೇರು ವಿನಿಮಯ ಕಾಯ್ದೆಯ ಒಂದೇ ಸೆಕ್ಷನ್ನಿನ ಮೇಲೆ ಪ್ರಕಟವಾದ ಲೇಖನದಲ್ಲಿ 4,824 ಅಡಿಟಿಪ್ಪಣಿಗಳಿದ್ದವು. ಇತ್ತ ಆಕ್ಸ್‌ಫರ್ಡಿನ ‘ಆಸ್ಕೋಲಾ’ ಕ್ರಮಕ್ಕೆ ಚುಕ್ಕಿಗಳೆಂದರೆ ಆಗದು. ಸಂಕ್ಷೇಪಗಳಲ್ಲಿ ಅವು ಇರಲೇಕೂಡದು. ಭಾರತದ ಒಂದು ಪತ್ರಿಕೆ ಮೊದಲನೆಯದನ್ನೂ ಇನ್ನೊಂದು ಎರಡನೆಯದನ್ನೂ ಬಯಸುತ್ತದೆ, ಕೆಲವು ತಮ್ಮದೇ ಕ್ರಮವನ್ನು ರಚಿಸಿಕೊಂಡಿವೆ.

ಅಮೆರಿಕದ ಕರ್ತೃವಿಗಾದರೆ ಒಂದು ಸೇಡಿನ ದಾರಿಯಿದೆ. ಅಲ್ಲಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಸುಗ್ಗಿಯಲ್ಲಿ ಒಂದೇ ಲೇಖನವನ್ನು ಹತ್ತಾರು ಪತ್ರಿಕೆಗಳಿಗೆ ಏಕಕಾಲದಲ್ಲಿ ಕಳುಹಿಸಬಹುದು. ಸಾಮಾನ್ಯ ಪತ್ರಿಕೆಯೊಂದು ಒಪ್ಪಿದೊಡನೆ ಹಳ್ಳಿಯ ಹುಡುಗ ಹೂಂ ಎಂದ ಸುದ್ದಿಯನ್ನು ಬೆಂಗಳೂರಿನ ವರನ ಕಡೆಯವರ ಕಿವಿಗೆ ಬೀಳಿಸುವಂತೆ ದೊಡ್ಡ ಪತ್ರಿಕೆಗೆ ತಿಳಿಸಿ, ಬೇಗ ತೀರ್ಮಾನಿಸಿರೆಂದು ಕೋರಬಹುದು. ಭಾರತದ ಪತ್ರಿಕೆಗಳು ಸಾಮಾನ್ಯವಾಗಿ ಏಕನಿಷ್ಠೆಯನ್ನು ಕೇಳುತ್ತವೆ. ಬಡ್ತಿಗಾಗಿ ಪ್ರಕಟಣೆ ಬೇಕಾದ ಸಹಾಯಕ ಪ್ರಾಧ್ಯಾಪಕರು, ಯುಜಿಸಿಯು 2018ರಲ್ಲಿ ಘೋಷಿಸಿದ ಮಾನ್ಯ ಪತ್ರಿಕೆಗಳ ‘ಕೇರ್’ ಪಟ್ಟಿಯಲ್ಲಿದೆಯೆಂಬ ಒಂದೇ ಕಾರಣಕ್ಕೆ ಪತ್ರಿಕೆಯನ್ನು ಆರಿಸಿ, ಉತ್ತರಕ್ಕಾಗಿ ಕಾದು ಕುಳಿತಿರುವಾಗಲೇ 2025ರಲ್ಲಿ ಆ ಪಟ್ಟಿಯೇ ರದ್ದಾಯಿತು.

ಈ ಮಧ್ಯೆ ಸಂಪಾದಕನು ಪದವಿ ಮುಗಿಸಿ ಮುಂಬಯಿಯ ಕಾರ್ಪೊರೇಟ್ ವಕೀಲಿ ಸಂಸ್ಥೆಗೆ ಸೇರುತ್ತಾನೆ, ಮತ್ತು ಅಡಿಟಿಪ್ಪಣಿಯ ಗಂಧವೇ ಇಲ್ಲದ ಕರಾರುಪತ್ರಗಳನ್ನು ನಡುರಾತ್ರಿಯವರೆಗೆ ತಿದ್ದತೊಡಗುತ್ತಾನೆ. ಹೊಸ ಮಂಡಳಿ ಅಧಿಕಾರ ವಹಿಸಿಕೊಂಡು, ಹಿಂದಿನ ಮಂಡಳಿಯ ಎಲ್ಲ ವಾಗ್ದಾನಗಳನ್ನೂ ಗೌರವಿಸುವುದಾಗಿ ಕರ್ತೃವಿಗೆ ವಿನಯಪೂರ್ವಕವಾಗಿ ತಿಳಿಸುತ್ತದೆ. ಪತ್ರಿಕೆಯು ಈ ಸಂಪುಟದಿಂದ ಆಸ್ಕೋಲಾವನ್ನು ಬಿಟ್ಟು ಬ್ಲೂಬುಕ್ಕನ್ನು ಅಂಗೀಕರಿಸಿರುವುದರಿಂದ, ಹೋದ ವರ್ಷ ತೆಗೆಸಿದ ಚುಕ್ಕಿಗಳನ್ನೆಲ್ಲ ಏಳು ದಿನಗಳೊಳಗೆ ಮತ್ತೆ ಹಾಕಿ ಕಳುಹಿಸಬೇಕೆಂಬ ಕೋರಿಕೆ ಮಾತ್ರ ಆ ಪತ್ರದ ಎರಡನೆಯ ಕಂಡಿಕೆಯಲ್ಲಿರುತ್ತದೆ.