ಅಂಚಿನಲ್ಲಿ ಗಂಡು

ನನ್ನ ಭಾವ ಹುಟ್ಟಿದ್ದು 1955ರ ಮಳೆಗಾಲದಲ್ಲಿ, ಕೆಮ್ಮಣ್ಣುಗುಂಡಿಯಲ್ಲಿ. ಆಗ ಅದು ಹನಿಮೂನಿನವರ ಊರಲ್ಲ, ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಕಳಿಸುವ ಊರು. ಬೆಟ್ಟದಲ್ಲಿ ಅಗೆದ ಅದಿರು ರೋಪ್‌ವೇಯಲ್ಲಿ ತೂಗಾಡುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹತ್ತುತ್ತಿತ್ತು. ಭಾವನ ತಂದೆಗೆ ಆ ರೋಪ್‌ವೇಯಲ್ಲೇ ಕೆಲಸ. ಮಗ ಹುಟ್ಟಿದ ಸುದ್ದಿ ಬಾಯಿಂದ ಬಾಯಿಗೆ ದಾಟುತ್ತ ಬೆಟ್ಟ ಇಳಿದು ರಿಜಿಸ್ಟರ್ ಸೇರುವ ಹೊತ್ತಿಗೆ ಹೆಣ್ಣಾಗಿತ್ತು. ಬರೆದವರನ್ನು ದೂರುವುದಿಲ್ಲ. 1434 ಮೀಟರ್ ಎತ್ತರದ ಆ ಊರಿನ ಜುಲೈ ಮಂಜಿನಲ್ಲಿ ಎದುರಿಗೆ ನಿಂತ ಆಳೇ ಗಂಡೋ ಹೆಣ್ಣೋ ತಿಳಿಯುವುದಿಲ್ಲ.

ಈ ತಪ್ಪು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಆ ಕಾಲದವರಿಗೆ ಜನನ ಪತ್ರ ಯಾಕೆ ಬೇಕು? ಸ್ಕೂಲಿನ ಹೆಡ್‌ಮೇಷ್ಟ್ರು ಬರೆದದ್ದೇ ಜಾತಕ. ಅವರ ಕೃಪೆಯಿಂದ ಅರ್ಧ ಕರ್ನಾಟಕ ಜೂನ್ 1ರಂದು ಹುಟ್ಟಿದೆ. ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎಂಬ ಒಂದು ವರ್ಷದ ತಕರಾರಿಗೆ ಸೇನಾ ಮುಖ್ಯಸ್ಥರಾಗಿದ್ದ ವಿ.ಕೆ. ಸಿಂಗ್ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರಿಗೈಲಿ ಬಂದರು. ಭಾವನಿಗೆ ತಾರೀಖೂ ಸರಿ, ವರ್ಷವೂ ಸರಿ. ಉಳಿದದ್ದೇ ತಪ್ಪು.

ಅಮೆರಿಕದ ಮಗ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಲು ಹೊರಟಾಗ ಹಳೆಯ ರಿಜಿಸ್ಟರಿನ ನಕಲು ತೆಗೆಸಬೇಕಾಯಿತು. ಹುರಿಮೀಸೆಯ ಭಾವ ಅದನ್ನು ಓದಿ ಕನ್ನಡಕ ಒರೆಸಿಕೊಂಡರು. ಅಕ್ಕ ಮಾತ್ರ, “ಅದಕ್ಕೇ ನಿಮಗೆ ಸೀರೆ ಆರಿಸೋದು ಅಷ್ಟು ಚೆನ್ನಾಗಿ ಬರುತ್ತೆ” ಅಂದಳು.

1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂನಲ್ಲಿ ತಿದ್ದುಪಡಿಗೆ ದಾರಿ ಇದೆ. ನಿಯಮದ ಪ್ರಕಾರ ಸಂಗತಿ ಬಲ್ಲ ಇಬ್ಬರು ನಂಬಿಕಸ್ಥರು ಹೇಳಿಕೆ ಕೊಡಬೇಕು. ಎಪ್ಪತ್ತು ವರ್ಷದ ಹಿಂದಿನ ಸಂಗತಿ ಬಲ್ಲವರು ಯಾರು? ನಾನು ಸಹಿ ಹಾಕುತ್ತೇನೆಂದು ಮುಂದೆ ಬಂದೆ. “ನೀವು ಆಗ ಹುಟ್ಟಿದ್ರಾ ಸಾರ್?” ಎಂದು ಗುಮಾಸ್ತರು ಕೇಳಿದರು. ಮದುವೆ, ಮಕ್ಕಳು, ಮೀಸೆ ಯಾವುದೂ ಸಾಕ್ಷಿಯಾಗಲಿಲ್ಲ.

ಕೊನೆಗೆ ಬಾಣಂತನ ಮಾಡಿದ ಸೋದರತ್ತೆಯನ್ನೇ ಕಾರಿನಲ್ಲಿ ಕರೆತಂದೆವು. ಎಂಬತ್ತೆಂಟು ದಾಟಿದ ಜೀವ, ಮಾತು ಮಾತ್ರ ಖಡಕ್.

“ಗಂಡೇ ಅಂತ ನಿಮಗೆ ಹೇಗೆ ಗೊತ್ತಮ್ಮಾ?”

“ದಿನಾ ನೀರೆರೆದೋಳು ನಾನು ಕಣಪ್ಪಾ. ಕಾಲ ಮೇಲೆ ಮಲಗಿಸ್ಕೊಂಡ್ರೆ ನೆಟ್ಟಗೆ ನನ್ನ ಮುಖಕ್ಕೇ ಸಾಕ್ಷಿ ಹೇಳೋನು!”

ಕಚೇರಿಯೆಲ್ಲ ನಕ್ಕಿತು. ಭಾವ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಗುಮಾಸ್ತರು ನಗುತ್ತಲೇ ಅತ್ತೆಯ ಆಧಾರ್ ಕಾರ್ಡ್ ತಿರುವಿದವರು ಗಂಭೀರರಾದರು. ಹುಟ್ಟಿದ ದಿನ: 01-01-1951. ವಯಸ್ಸು ಹೇಳಬಲ್ಲ, ತಾರೀಖು ಹೇಳಲಾರದ ಎಷ್ಟೋ ಮುದುಕರಿಗೆ ಆಧಾರ್ ಕೊಟ್ಟ ಹುಟ್ಟುಹಬ್ಬ ಈ ಜನವರಿ ಒಂದು. ತಾರೀಖಿರಲಿ, ಇಲ್ಲಿ ವರ್ಷವೂ ಎಲ್ಲೋ ಜಾರಿತ್ತು.

“ಇದರ ಪ್ರಕಾರ ಬಾಣಂತನ ಮಾಡಿದಾಗ ನಿಮಗೆ ನಾಲ್ಕು ವರ್ಷ.”

ಅತ್ತೆ ವಿಚಲಿತರಾಗಲಿಲ್ಲ. “ನಾಲ್ಕು ವರ್ಷಕ್ಕೇ ಎಷ್ಟು ಚೆನ್ನಾಗಿ ಎರೆದಿದೀನಿ ನೋಡು, ಎಪ್ಪತ್ತಾದ್ರೂ ಒಂದು ಕೆಮ್ಮಿಲ್ಲ ಅವನಿಗೆ.”

ಆಮೇಲೆ ಲಿಂಗದಹಳ್ಳಿ ಕಡೆ ಹುಡುಕಾಡಿ, ಭಾವನ ತಂದೆಯ ಜೊತೆ ದುಡಿದಿದ್ದ ಹಿರಿಯರೊಬ್ಬರನ್ನೂ ಅವರ ತಮ್ಮನನ್ನೂ ಹಿಡಿದು ತಂದೆವು. ಮಗು ಹುಟ್ಟಿದಾಗ ಹಂಚಿದ ಸಕ್ಕರೆಯ ರುಚಿ ಇಬ್ಬರಿಗೂ ನೆನಪಿತ್ತು, ಕಾರ್ಡಿನಲ್ಲಿ ವಯಸ್ಸೂ ಸರಿಯಿತ್ತು. ಅರ್ಜಿ ಪಾಸಾಯಿತು.

ತಿದ್ದಿದ ಪುಟ ನೋಡಿ ಭಾವ ಸಿಡುಕಿದರು. ‘ಹೆಣ್ಣು’ ಇದ್ದಲ್ಲೇ ಇತ್ತು. ಪಕ್ಕದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ‘ಗಂಡು’, ಸಹಿ, ತಾರೀಖು. ಮೂಲ ನಮೂದನ್ನು ಮುಟ್ಟದೆ ಅಂಚಿನಲ್ಲೇ ತಿದ್ದಬೇಕೆನ್ನುವುದು ಕಾಯ್ದೆಯ ಕಟ್ಟಪ್ಪಣೆ. ತಪ್ಪಿಗೆ ಇಷ್ಟು ಮರ್ಯಾದೆ ಕೊಡುವ ಪುಸ್ತಕವನ್ನು ನಾನು ಬೇರೆ ಕಂಡಿಲ್ಲ.

“ಹೋಗಲಿ ಬಿಡಿ,” ಅಂದಳು ಅಕ್ಕ, “ಮಾರ್ಜಿನ್ನಲ್ಲಾದ್ರೂ ಗಂಡಸಾದ್ರಲ್ಲ.”

ಸೋದರತ್ತೆಗೆ ಈಗ ತಮ್ಮ ಆಧಾರ್ ತಿದ್ದಿಸುವ ಹಟ. ಸಾಕ್ಷಿಗೆ ಭಾವನೇ ಬರಬೇಕಂತೆ.