ಚಿನ್ನ ಮುಗೀತು, ಹಿಟ್ಟಿನ ಕೋಲು ಮುಗೀಲಿಲ್ಲ

ಕೋಲಾರದವರು ಅಂದ ಕೂಡಲೇ ಬೆಂಗಳೂರಿನವರು ಕಣ್ಣರಳಿಸಿ "ಓ, ಚಿನ್ನದ ಊರು!" ಅನ್ನುತ್ತಾರೆ. ನಾವೂ ಬೇಡ ಅನ್ನುವುದಿಲ್ಲ. ಮನೆಯಲ್ಲಿ ಗುಲಗಂಜಿ ತೂಕದ ಚಿನ್ನವಿಲ್ಲದವನೂ ಒಂದು ಗಳಿಗೆ ಗಣಿ ಮಾಲೀಕನ ಗತ್ತಿನಲ್ಲಿ ಮೀಸೆ ತಿರುವಿಕೊಳ್ಳುತ್ತಾನೆ. ಆ ಗಣಿಯ ಕಥೆಯೋ! 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕರೆಂಟು ಕೊಟ್ಟರು. ಮೂರು ಕಿಲೋಮೀಟರಿಗೂ ಆಳಕ್ಕೆ ತೋಡಿದರು. 2001ರ ಫೆಬ್ರವರಿ 28ಕ್ಕೆ ಬೀಗ ಜಡಿದರು. ಅಷ್ಟೊಂದು ದುಡ್ಡು ಸುರಿದ ವ್ಯವಹಾರದ ಬಾಳಿಕೆ ನೂರಿಪ್ಪತ್ತು ವರ್ಷ, ಅಷ್ಟೇ. ಈಗ ಮುಳಬಾಗಿಲು ಕಡೆಯ ಯಾವುದಾದರೂ ಹಳ್ಳಿಗೆ ಹೋಗಿ ಅಡುಗೆಮನೆಯ ಮೂಲೆ ನೋಡಿ. ಹಿಟ್ಟಿನ ಕೋಲು ಗೋಡೆಗೆ ಒರಗಿ ನಿಂತಿರುತ್ತದೆ. ಬೆಲೆ ಎಷ್ಟು ಅಂದರೆ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅದನ್ನು ಯಾರೂ ಕೊಂಡದ್ದೇ ಇಲ್ಲ. ನೇಗಿಲು ಮಾಡಲು ಬಂದ ಆಚಾರಿ ಮಿಕ್ಕ ಮರದಲ್ಲಿ ಕೆತ್ತಿ ಕೊಟ್ಟುಹೋದದ್ದು. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ಆಚಾರಿಯ ಮೊಮ್ಮಗ ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತಿದ. ಕೋಲು ಮಾತ್ರ ಅಲ್ಲೇ ಇದೆ.

ಅದರ ಕೆಲಸ ಹಗುರ ಅಂದುಕೊಳ್ಳಬೇಡಿ. ಎಸರು ಕುದಿಯುವಾಗ ರಾಗಿಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ, ಕವೆಗೋಲಿನಲ್ಲಿ ಅದುಮಿ ಹಿಡಿದು, ಒಂದೇ ಒಂದು ಗಂಟಿಲ್ಲದಂತೆ ತಿರುವಬೇಕು. ಹೆಂಗಸರ ತೋಳಿನ ಬಲವೂ ಮನೆಯವರ ಮೇಲಿನ ಸಿಟ್ಟೂ ಒಟ್ಟಿಗೆ ಆ ಕೋಲಿನ ಮೇಲೆ. ಆದರೂ ಅದು ಮುರಿಯುವುದಿಲ್ಲ, ಸವೆಯುತ್ತದೆ. ಬಂದಾಗ ಮಣಿಕಟ್ಟಿನ ಗಾತ್ರವಿದ್ದದ್ದು ಮೊಮ್ಮಕ್ಕಳ ಕಾಲಕ್ಕೆ ಹೆಬ್ಬೆರಳಿಗಿಂತ ಕೊಂಚ ದಪ್ಪ. ಸವೆದ ಮರ ಎಲ್ಲಿ ಹೋಯಿತು ಅಂತೀರಾ? ಎಲ್ಲಿ ಹೋಗುತ್ತದೆ! ಮುದ್ದೆಯೊಳಗೆ ಸೇರಿ, ಬಸ್ಸಾರಿನಲ್ಲಿ ಅದ್ದಿಸಿಕೊಂಡು, ಗುಳುಂ. ನಮ್ಮ ಕಡೆಯವರು ಸ್ವಲ್ಪ ಮರದ ಸ್ವಭಾವದವರು ಅಂತ ಹೊರಗಿನವರು ದೂರುವುದಕ್ಕೆ ಇದಕ್ಕಿಂತ ವೈಜ್ಞಾನಿಕವಾದ ಕಾರಣ ಬೇಕಾಗಿಲ್ಲ.

ಅಗ್ಗದ ಸಾಮಾನು ಬಾಳುವುದು ಗಟ್ಟಿಯಾಗಿರುವುದರಿಂದ ಅನ್ನುವವರು ಸಂಸಾರ ಮಾಡಿಲ್ಲ. ಅದು ಬಾಳುವುದು ಮನೆಯಲ್ಲಿ ಬೈಯುವವರೊಬ್ಬರು ಇರುವುದರಿಂದ. ಕೋಲಿನಲ್ಲಿ ನಾಯಿ ಓಡಿಸಲು ಹೋದ ಹುಡುಗನಿಗೆ ಬೈಗುಳ. ಬಟ್ಟೆ ಬಡಿಯಲು ಒಯ್ದ ಹೊಸ ಸೊಸೆಗೆ ಬೈಗುಳ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ಅನುಕೂಲವೂ ಇದೆ: ಮಾತು ಕನ್ನಡದಲ್ಲಿ ಶುರುವಾಗುತ್ತದೆ, ಸಿಟ್ಟು ನೆತ್ತಿಗೇರಿದ ಕಡೆ ತೆಲುಗಿಗೆ ದಾಟುತ್ತದೆ. ಎರಡು ಭಾಷೆಯ ರಕ್ಷಣೆಯಲ್ಲಿರುವ ವಸ್ತು ಅಷ್ಟು ಸುಲಭಕ್ಕೆ ಹಾಳಾಗುತ್ತದೆಯೇ? ಷೋಕೇಸಿನಲ್ಲಿ ಕೂರಿಸಿದ ಗಾಜಿನ ಡಿನ್ನರ್ ಸೆಟ್ಟಿಗೆ ಯಾರೂ ಯಾರನ್ನೂ ಬೈಯುವುದಿಲ್ಲ. ಅದು ಧೂಳು ಒರೆಸುವಾಗಲೇ ಒಂದೊಂದಾಗಿ ಹೋಗುತ್ತದೆ.

ದೋಸೆ ಕಾವಲಿಯ ವಿಚಾರಕ್ಕೆ ಬಂದರಂತೂ ಬೈಗುಳಕ್ಕೆ ಶಾಸ್ತ್ರದ ಸ್ಥಾನ. ಮುಳಬಾಗಿಲು ದೋಸೆ ಅಂತ ಬೆಂಗಳೂರಿನ ಬೀದಿಬೀದಿಯಲ್ಲೂ ಬೋರ್ಡು ಕಾಣುತ್ತೀರಲ್ಲ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಕೆಂಪು ಚಟ್ನಿ. ಅದರ ಅರ್ಧ ರುಚಿ ಹಿಟ್ಟಿನದಾದರೆ ಇನ್ನರ್ಧ ಕಬ್ಬಿಣದ್ದು. ಮನೆಯ ಕಾವಲಿಗೆ ಕಟ್ಟಳೆಗಳಿವೆ. ಅದರ ಮೇಲೆ ಚಪಾತಿ ಬೇಯಿಸಬಾರದು. ಹುಣಸೆಹುಳಿ ಮುಟ್ಟಿಸಬಾರದು. ಸೋಪು ಅಂತೂ ಆ ದಿಕ್ಕಿಗೇ ಸುಳಿಯಬಾರದು. ಅರ್ಧ ಹೆಚ್ಚಿದ ಈರುಳ್ಳಿಯನ್ನೋ ಬದನೆಕಾಯಿ ತೊಟ್ಟನ್ನೋ ಎಣ್ಣೆಯಲ್ಲಿ ಅದ್ದಿ ತಿಕ್ಕುವುದೊಂದೇ ಅದರ ಅಭ್ಯಂಜನ. ಬಿಸಿ ಕಬ್ಬಿಣದ ಮೇಲೆ ಎಣ್ಣೆ ತೆಳುವಾಗಿ ಕಾದು, ಕಣಕಣ ಹೆಣೆದುಕೊಂಡು, ಮೆರುಗೆಣ್ಣೆ ಬಳಿದ ಹಾಗೆ ಗಟ್ಟಿ ಪೊರೆಯಾಗುತ್ತದೆ. ದೋಸೆ ಏಳುವುದು ಆ ಪೊರೆಯ ದಯೆಯಿಂದ. ಹುಣಸೆಯ ಆಮ್ಲ ಅದನ್ನು ತಿನ್ನುವುದು ನಿಜ. ಸೋಪಿನ ಮೇಲಿನ ಆರೋಪ ಮಾತ್ರ ಅರ್ಧ ಸುಳ್ಳು. ಚೆನ್ನಾಗಿ ಪಳಗಿದ ಕಾವಲಿಗೆ ಎರಡು ಹನಿ ಸೋಪಿನಿಂದ ಏನೂ ಆಗದು. ಈ ರಸಾಯನಶಾಸ್ತ್ರವನ್ನು ಅಜ್ಜಿಯ ಎದುರು ಹೇಳಲು ಹೊರಟವರು ಮೊದಲು ತಿಂಡಿ ಮುಗಿಸಿಕೊಂಡಿರುವುದು ಕ್ಷೇಮ.

ನಾನ್‌ಸ್ಟಿಕ್ ತವಾ ಎಂಬ ರಾಜಕುಮಾರ ನಮ್ಮ ಮನೆಗಳಿಗೆ ಬಂದದ್ದನ್ನೂ ಹೇಳಬೇಕು. ಆ ಟೆಫ್ಲಾನನ್ನು ರಾಯ್ ಪ್ಲಂಕೆಟ್ ಎಂಬಾತ 1938ರಲ್ಲಿ, ಫ್ರಿಜ್ಜಿಗೆ ಬೇಕಾದ ಅನಿಲ ಹುಡುಕುತ್ತಿದ್ದಾಗ, ಅಕಸ್ಮಾತ್ತಾಗಿ ಕಂಡುಹಿಡಿದ. ನಮ್ಮ ಕಡೆಯ ಅತ್ತೆಯರು ಅದನ್ನು ಬೇಕೆಂತಲೇ ಕೆರೆದರು. ಮರದ ಸೌಟೇ ಬಳಸಿ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಆದರೆ ಸ್ಟೀಲಿನ ಮಗುಚುವ ಕೈ ಇರುವಾಗ ಮರದ್ದು ಹುಡುಕುವ ತಾಳ್ಮೆ ಯಾರಿಗೆ? ಇಂಥದೊಂದು ತವಾ ತಂದ ದಿನ ಮಗ ಹೆಮ್ಮೆಯಿಂದ "ಎರಡು ವರ್ಷ ವಾರಂಟಿ ಅಮ್ಮಾ" ಅಂದ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಿಜವಾದ ಕಾಳಜಿಯಿಂದ ಕೇಳಿದಳು: "ಎರಡೇ ವರ್ಷಾನಾ? ಯಾಕೋ, ಅಷ್ಟು ಬೇಗ ಸಾಯೋಕೆ ಅದಕ್ಕೇನು ಕಾಯಿಲೆ?"

ಮಾಲೂರು ತಾಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಬೀದಿ ತುಂಬ ಉಳಿಯ ಸದ್ದು. ಕಲ್ಲಿನ ಗಣಪತಿ, ಆಂಜನೇಯ, ಪಂಚಲೋಹದ ಉತ್ಸವಮೂರ್ತಿ, ಎಲ್ಲ ಸಾಲಾಗಿ ನಿಂತಿರುತ್ತವೆ. ಕಲ್ಲು ಕಡಿಯುವವರು ಒರಳು, ಬೀಸುವ ಕಲ್ಲು ಬಿಟ್ಟು ದೇವರನ್ನೇ ಯಾಕೆ ಹಿಡಿದರು ಎಂಬುದಕ್ಕೆ ನನ್ನದೊಂದು ಊಹೆ ಇದೆ, ಶಿಲ್ಪಿಗಳು ಒಪ್ಪಬೇಕಾಗಿಲ್ಲ. ಒರಳು ಕೊಂಡ ಗಿರಾಕಿ ತಿರುಗಿ ಬರುವುದೇ ಇಲ್ಲ. ಅವನ ಮಗನೂ ಬರುವುದಿಲ್ಲ. ಮೊಮ್ಮಗ ಬಂದರೂ ಕಲ್ಲಿಗೆ ಕಚ್ಚು ಹಾಕಿಸಲು ಬರುತ್ತಾನೆ, ಅದರಲ್ಲೂ ಚೌಕಾಸಿ. ದೇವರ ವಿಚಾರ ಹಾಗಲ್ಲ. ಊರಿಗೊಂದು ಹೊಸ ಬಡಾವಣೆ, ಬಡಾವಣೆಗೊಂದು ಹೊಸ ಗುಡಿ, ಗುಡಿಗೆ ನವಗ್ರಹ ಸೇರಿ ಹನ್ನೆರಡು ವಿಗ್ರಹ. ವ್ಯಾಪಾರಿ ಬದುಕಬೇಕಾದರೆ ಬಾಳಿಕೆ ಬರುವ ಮಾಲು ಮಾರಬಾರದು.

ಇನ್ನು ಆ ಹಳೆಯ ಒರಳು? ಗ್ರೈಂಡರ್ ಬಂದ ದಿನ ಅಂಗಳಕ್ಕೆ ಇಳಿಯಿತು. ಈಗ ಕೋಳಿಗೆ ನೀರು ಕುಡಿಯುವ ಬಟ್ಟಲು. ಗುಂಡುಕಲ್ಲು ಟಾರ್ಪಾಲಿನ ಮೂಲೆಗೆ ಕಾವಲು. ಗ್ರೈಂಡರು ರಿಪೇರಿಗೆ ಹೋದ ವಾರ ಮಾತ್ರ ಎರಡನ್ನೂ ತೊಳೆದು ಕುಂಕುಮವಿಟ್ಟು ಒಳಗೆ ಕರೆಯುತ್ತಾರೆ. ಮಾಲೂರಿನ ಹೆಂಚಿಗೂ ಇದೇ ಪಾಡು. ಮೋಲ್ಡ್ ಮನೆ ಕಟ್ಟಿಸಿದವರೂ ಹಳೆ ಹೆಂಚನ್ನು ಹಿತ್ತಿಲಲ್ಲಿ ಅಡುಕಿಟ್ಟಿರುತ್ತಾರೆ, "ನಾಳೆ ಬೇಕಾಗುತ್ತೆ" ಅಂತ. ಆ ನಾಳೆ ಬರುವವರೆಗೆ ಅಲ್ಲಿ ಚೇಳುಗಳ ಸಂಸಾರ. ಕೋಲಾರದವರಿಗೆ ಚೇಳೆಂದರೆ ಅಂಥ ಗಾಬರಿಯೂ ಇಲ್ಲ, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೇ ಕಾಣಿಕೆ ಹಾಕಿ ಬಂದಿರುತ್ತೇವೆ.

ಆದರೆ ಬಾಳಿಕೆಯಲ್ಲಿ ಇವೆಲ್ಲದರ ಅಪ್ಪ ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆ. ಪಾತ್ರೆ ಅಂಗಡಿಯ ಹುಡುಗ ಕೈಯಲ್ಲೊಂದು ಪುಟ್ಟ ಮಿಷನ್ನು ಹಿಡಿದು ಟರ್ರ್ ಅಂತ ಚುಕ್ಕಿಚುಕ್ಕಿಯಾಗಿ ಬರೆಯುವುದನ್ನು ನೋಡದ ಬಾಲ್ಯ ಬಾಲ್ಯವೇ ಅಲ್ಲ. ಕೊಟ್ಟವರ ಹೆಸರು, ಊರು, ತಾರೀಕು, ಸಂದರ್ಭ, ಎಲ್ಲವೂ ಒಂದು ಲೋಟದ ಸೊಂಟದ ಮೇಲೆ. ಬಿ. ಎಲ್. ರೈಸ್ ಸಾಹೇಬರು ಕೋಲಾರ ಜಿಲ್ಲೆಯ ಶಾಸನಗಳನ್ನು ಊರೂರು ಹುಡುಕಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಪಾಪ, ಆಗಿನ್ನೂ ಸ್ಟೀಲ್ ಪಾತ್ರೆ ಬಂದಿರಲಿಲ್ಲ. ಬಂದಿದ್ದರೆ ನಮ್ಮ ಅಟ್ಟಗಳಿಗೇ ಇನ್ನೆರಡು ಸಂಪುಟ ಬೇಕಾಗುತ್ತಿತ್ತು. ಭಾಷೆಯ ಲೆಕ್ಕದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಈ ಸೀಮೆಯ ಕಲ್ಲುಗಳ ಮೇಲೆ ಕನ್ನಡವಿದೆ, ಚೋಳರ ದೆಸೆಯಿಂದ ತಮಿಳಿದೆ, ತೆಲುಗಿದೆ. ನಮ್ಮ ಚೊಂಬು, ತಟ್ಟೆಗಳ ಮೇಲೂ ಮೂರೂ ಇವೆ. ಸೋದರಮಾವ ಮದನಪಲ್ಲಿಯವನು, ಚಿಕ್ಕಮ್ಮನನ್ನು ಕೊಟ್ಟದ್ದು ಹೊಸೂರಿಗೆ.

ಒಂದೇ ಒಂದು ಕೊರತೆ. ಕಲ್ಲಿನ ಶಾಸನದ ಕೊನೆಗೆ ಶಾಪವಿರುತ್ತದೆ: ಈ ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ, ಇತ್ಯಾದಿ. ಲೋಟದ ಮೇಲೆ ಅಷ್ಟಕ್ಕೆ ಜಾಗವಿಲ್ಲ. ಆದ್ದರಿಂದ ಪಕ್ಕದ ಮನೆಗೆ ಪಾಯಸ ತುಂಬಿಕೊಂಡು ಹೋದ ಡಬ್ಬಿ ತಿರುಗಿ ಬರುವುದಿಲ್ಲ. ಬದಲಿಗೆ ಯಾರದೋ ಗೃಹಪ್ರವೇಶದ ತಟ್ಟೆ ನಮ್ಮಲ್ಲಿ ಉಳಿದುಬಿಟ್ಟಿರುತ್ತದೆ. ಕೊಟ್ಟವರು ಯಾರೋ, ಇಸಕೊಂಡವರು ಯಾರೋ, ಅದರಲ್ಲಿ ಉಣ್ಣುತ್ತಿರುವವರು ನಾವು. ಮದುವೆಯಲ್ಲಿ ಜೋಡಿ ಹೆಸರು ಕೆತ್ತಿಸಿದ ಬಿಂದಿಗೆಗಳ ಪೈಕಿ ಕೆಲವು ಆ ಜೋಡಿಗಿಂತ ಹೆಚ್ಚು ಕಾಲ ಒಟ್ಟಿಗಿವೆ. ಆ ವಿಚಾರ ಇಲ್ಲಿಗೇ ಬಿಡೋಣ.

ಪ್ಲಾಸ್ಟಿಕ್ ಬಿಂದಿಗೆಯನ್ನು ಹಾಳು ಅನ್ನಬೇಕೆಂದು ಹೊರಟವನಿಗೆ ನಾಲಿಗೆ ಏಳುವುದಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬರೀ ಧೂಳು ಉಗುಳಿದ ವರ್ಷಗಳಲ್ಲಿ ಟ್ಯಾಂಕರಿನ ಮುಂದೆ ಮನುಷ್ಯರ ಬದಲು ಸಾಲಿನಲ್ಲಿ ನಿಂತದ್ದು ಅದೇ. ಬಿಸಿಲಲ್ಲಿ ಬಣ್ಣ ಕಳೆದುಕೊಂಡಿತು, ತಳ ಸೀಳಿತು, ಕಾದ ಚಾಕುವಿನಲ್ಲಿ ಇನ್ನೊಂದು ಬಣ್ಣದ ತೇಪೆ ಹಾಕಿಸಿಕೊಂಡು ಮತ್ತೆ ಸಾಲಿಗೆ ನಿಂತಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬಂತು. ಬಿಂದಿಗೆಗಳಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ.

ಶ್ರೀನಿವಾಸಪುರದವರನ್ನು ಬಿಟ್ಟರೆ ಅವರು ಮುನಿಸಿಕೊಳ್ಳುತ್ತಾರೆ. ಅಲ್ಲಿ ಮಾವಿನಕಾಯಿಗೆ ಬರವಿಲ್ಲ, ಹಾಗಾಗಿ ಉಪ್ಪಿನಕಾಯಿ ಜಾಡಿಗೆ ಬಿಡುವಿಲ್ಲ. ಮೇಲೆ ಕಂದು, ಕೆಳಗೆ ಬಿಳಿ, ಆ ಪಿಂಗಾಣಿ ಜಾಡಿ. ಉಪ್ಪು ಹುಳಿ ಸೇರಿದರೆ ತಾಮ್ರ, ಹಿತ್ತಾಳೆ, ಕಬ್ಬಿಣ ಎಲ್ಲವೂ ಕಿಲುಬು, ತುಕ್ಕು ಅಂತ ಗೋಳಾಡುತ್ತವೆ. ಗಾಜಿನ ಲೇಪ ಕುಡಿದು ಬೆಂದ ಈ ಮಣ್ಣಿಗೆ ಯಾವುದರ ಲೆಕ್ಕವೂ ಇಲ್ಲ. ಒದ್ದೆ ಸೌಟು ಅದ್ದಬಾರದು, ಮೈಲಿಗೆಯಲ್ಲಿ ಮುಟ್ಟಬಾರದು, ಮಕ್ಕಳು ಆ ಕೋಣೆಗೇ ಹೋಗಬಾರದು. ಸರ್ಕಾರಿ ಖಜಾನೆಗೂ ಇಷ್ಟು ಬಂದೋಬಸ್ತಿಲ್ಲ.

ಆ ಕಡೆಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಪಾಲಾಯಿತು. ತೋಪನ್ನು ಮರಮರ ಎಣಿಸಿ ಹಂಚಿಕೊಂಡರು: ಬಾದಾಮಿ ಇಷ್ಟು, ತೋತಾಪುರಿ ಇಷ್ಟು, ನೀಲಂ ಇಷ್ಟು. ಬೋರ್‌ವೆಲ್ಲಿಗೆ ವಾರದ ದಿನ ಗೊತ್ತುಮಾಡಿದರು. ಪಾಲುಪತ್ರ ರಿಜಿಸ್ಟರ್ ಆಯಿತು, ಹಿರಿಯರು ಕಾಫಿ ಕುಡಿದು ಎದ್ದರು. ಪತ್ರದಲ್ಲಿ ಜಾಡಿ ಇರಲಿಲ್ಲ. ಅಷ್ಟು ಅಗ್ಗದ್ದನ್ನು ಯಾರು ಬರೆಸುತ್ತಾರೆ? ಸಂಜೆಯೊಳಗೆ ಜಾಡಿ ದೊಡ್ಡ ಸೊಸೆಯ ಅಡುಗೆಮನೆಗೆ ಹೋಗಿತ್ತು, ಮುಚ್ಚಳ ಚಿಕ್ಕ ಸೊಸೆಯ ಸೆರಗಿನ ಕೆಳಗೆ. ಅಂದಿನಿಂದ ದೊಡ್ಡವಳು ಜಾಡಿಯ ಬಾಯಿಗೆ ಬಿಳಿ ಪಂಚೆಯ ತುಂಡು ಕಟ್ಟಿ ಕಾಲ ತಳ್ಳುತ್ತಿದ್ದಾಳೆ. ಚಿಕ್ಕವಳು ಮುಚ್ಚಳವನ್ನು ಹುಣಸೆಹಣ್ಣಿನ ಡಬ್ಬದ ಮೇಲೆ ಬೋರಲು ಹಾಕಿ, ಓರಗಿತ್ತಿಗೆ ಕಾಣುವ ಹಾಗೆ ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದಾಳೆ. ಕೋಲಾರದ ಅಂಗಡಿಯಲ್ಲಿ ಮುಚ್ಚಳ ಸಮೇತ ಹೊಸ ಜಾಡಿ ಸಿಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸೂ ಪುಕ್ಕಟೆ. ಇಬ್ಬರೂ ಹೋಗುತ್ತಾರೆ, ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ. ಜಾಡಿ ಮಾತ್ರ ತರುವುದಿಲ್ಲ.