ಅಗ್ಗದ ವಿಮಾನ ಟಿಕೆಟ್ಟಿಗೊಂದು ಬಿನ್ನಹ

ಶ್ರೀಮಾನ್ ಅಗ್ಗದ ವಿಮಾನ ಟಿಕೆಟ್ ಅವರ ಸನ್ನಿಧಾನಕ್ಕೆ,

ನಾಗರಬಾವಿಯಿಂದ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ವಿಚಾರಿಸುತ್ತಿರುತ್ತೇನೆ. ಪ್ರತಿ ಸಲವೂ ತಾವು ಇನ್ನೂರು ಮುನ್ನೂರು ರೂಪಾಯಿ ಬೆಳೆದಿರುತ್ತೀರಿ. ದೃಷ್ಟಿಯಾಗದಿರಲಿ.

ಪುತ್ತೂರಿನಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ. ತಾವು 2,499 ರೂಪಾಯಿಗೆ ದರ್ಶನ ಕೊಟ್ಟಿರಿ. ಕಾರಿನ ಕೀಲಿಯನ್ನು ಮೊಳೆಗೆ ತೂಗುಹಾಕಿ ತಮ್ಮ ಪಾದಕ್ಕೆ ಬಿದ್ದೆ. ನಾವು ನಾಲ್ವರು ಎಂಬುದನ್ನು ತಾವು ಮರೆಯಲಿಲ್ಲ. ಸೀಟಿಗಿಷ್ಟು, ತೆರಿಗೆಗಿಷ್ಟು, ಕೊನೆಗೆ 'ಅನುಕೂಲ ಶುಲ್ಕ'. ಅನುಕೂಲ ಯಾರಿಗೆ ಎಂದು ಕೇಳುವ ಉದ್ಧಟತನ ನನಗಿಲ್ಲ. ಮೊತ್ತ 13,400 ಆಯಿತು. ನಮ್ಮ ಹಳೇ ಕಾರಿಗೆ ತಲೆ ಎಣಿಸುವ ಸಂಸ್ಕಾರವೇ ಇಲ್ಲ ನೋಡಿ. ಒಬ್ಬ ಕೂತರೂ ಐವರು ಕೂತರೂ ಅದೇ ಪೆಟ್ರೋಲು.

ತಮ್ಮಿಂದ ಭೂಗೋಳವನ್ನೂ ಕಲಿತೆ. ಪುತ್ತೂರು ನಮಗೆ ಪಶ್ಚಿಮಕ್ಕಿದೆ. ತಾವು ಮೊದಲು ನಮ್ಮನ್ನು ಈಶಾನ್ಯಕ್ಕೆ, ಸುಮಾರು 40 ಕಿಲೋಮೀಟರ್ ಆಚೆಯ ದೇವನಹಳ್ಳಿಗೆ ಕರೆಸಿಕೊಂಡಿರಿ (ಟ್ಯಾಕ್ಸಿ 1,500). ಆಮೇಲೆ ಪುತ್ತೂರನ್ನೂ ದಾಟಿಸಿ ಬಜ್ಪೆಯ ಗುಡ್ಡದ ಮೇಲೆ ಇಳಿಸಿದಿರಿ. ಅಲ್ಲಿಂದ ಮತ್ತೆ ಬೆಂಗಳೂರಿನ ದಿಕ್ಕಿಗೇ 50 ಚಿಲ್ಲರೆ ಕಿಲೋಮೀಟರ್ ವಾಪಸ್ (ಟ್ಯಾಕ್ಸಿ 2,200). ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಪುಣ್ಯ ಒಂದೇ ಬೆಳಗಿನಲ್ಲಿ ಲಭಿಸಿತು.

ಅದೇ ದಿನ ಬೆಳಿಗ್ಗೆ ಐದೂವರೆಗೆ, ನಾವು ಟ್ಯಾಕ್ಸಿ ಹತ್ತಿದ ಹೊತ್ತಿಗೇ, ನನ್ನ ಷಡ್ಡಕ ವಿಜಯನಗರದಿಂದ ಕಾರು ತೆಗೆದನಂತೆ. ನೆಲಮಂಗಲ, ಕುಣಿಗಲ್, ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ಹಾಸನದಲ್ಲಿ ದೋಸೆ ತಿಂದು, ಶಿರಾಡಿ ಇಳಿದು, ಉಪ್ಪಿನಂಗಡಿಯಲ್ಲಿ ತಿರುಗಿ, ಸುಮಾರು 300 ಕಿಲೋಮೀಟರಿಗೆ ಟೋಲು ಸೇರಿಯೂ 3,000 ದಾಟಲಿಲ್ಲ. ಧಾರೆಗೆ ಅವನು ಅಕ್ಷತೆ ಹಾಕಿದ. ನಾವು ತಲುಪುವಾಗ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದರು.

ಕಾರು ಸತ್ಯಸಂಧ ಎಂದು ನಾನು ವಾದಿಸಲಾರೆ. ಟೈರು, ಸರ್ವೀಸು, ನನ್ನ ಸೊಂಟ ಇವ್ಯಾವುದನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಸಕಲೇಶಪುರದ ದೋಣಿಗಾಲ್ ಬಳಿ ಗುಡ್ಡ ಕುಸಿದರೆ ಕಾರೇನು, ಲಾರಿಯೂ ನಿಲ್ಲಲೇಬೇಕು. ಒಬ್ಬನೇ ಹೊರಟಾಗ ತಮಗೆ ಸಾಟಿಯಿಲ್ಲ, ಒಪ್ಪಿದೆ. ತಮ್ಮ ಹಿರಿಯರ ನೆನಪೂ ಇದೆ: 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಹಾರಿಸಿದರು, ಮುಂದೆ 1 ರೂಪಾಯಿಗೂ ಟಿಕೆಟ್ ಮಾರಿದರು. ಆಗ ವಿಮಾನ ಏರುತ್ತಿದ್ದುದು ಊರೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ. 2008ರ ಮೇ ತಿಂಗಳಲ್ಲಿ ತಾವು ದೇವನಹಳ್ಳಿಗೆ ಮನೆ ಬದಲಿಸಿದಿರಿ. ವಿಳಾಸ ಬದಲಾದುದನ್ನು ತಮ್ಮ ದರದ ಪಕ್ಕ ಸಣ್ಣಕ್ಷರದಲ್ಲಾದರೂ ಬರೆಯಬಹುದಿತ್ತು.

ವಾಪಸ್ ಬರುವಾಗಿನ ತಮ್ಮ ಕಾಳಜಿಗೆ ವಿಶೇಷ ವಂದನೆ. ಚಿಕ್ಕತ್ತೆ ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟಿದ್ದರು. ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೊಂದು ಪ್ಲಾಸ್ಟಿಕ್ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿ. ಹೆಂಡತಿ ಅದನ್ನು ಕೈಚೀಲದಲ್ಲಿ ಮಗುವಿನಂತೆ ಹಿಡಿದಿದ್ದಳು. ತಪಾಸಣೆಯ ಸಿಬ್ಬಂದಿ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದು, ಮಿಡಿಗಳನ್ನು ಒಂದೊಂದಾಗಿ ನೋಡಿ, ಪಕ್ಕದ ಡಬ್ಬಕ್ಕೆ ಇಳಿಸಿದರು. ದೇಶದ ಭದ್ರತೆಗೆ ನಮ್ಮ ಕಾಣಿಕೆ.

ಇಷ್ಟೇ ವಿನಂತಿ: ಮುಂದಿನ ಸಲ ದರ್ಶನ ಕೊಡುವಾಗ ಎರಡೂ ಕಡೆಯ ಟ್ಯಾಕ್ಸಿಯನ್ನು ಜೊತೆಗೆ ಕರೆತನ್ನಿ. ಷಡ್ಡಕನ ಡಿಕ್ಕಿಯಲ್ಲಿ ಎರಡು ಹಲಸು, ಒಂದು ಕುಂಬಳಕಾಯಿ, ಅಂಥದ್ದೇ ಒಂದು ಬಾಟಲಿ ಬಂದಿದೆ. ಕೇಳಿ ತಂದ ಅರ್ಧ ಬಟ್ಟಲು ಮಿಡಿ ನೆಂಚಿಕೊಂಡು, ಮೊಸರನ್ನ ಉಂಡು, ಈ ಪತ್ರ ಬರೆಯುತ್ತಿದ್ದೇನೆ.

ಇತಿ ತಮ್ಮ ವಿಧೇಯ,
ಕಿಟಕಿ ಸೀಟಿಗೆ 350 ಕೊಟ್ಟು ರೆಕ್ಕೆ ನೋಡಿ ಬಂದವನು
ನಾಗರಬಾವಿ